ಜಂಗ್ ಶುರು ಆಗೇತಂತ್ರಿ

ಮೋಟಾರಿನ ಮೇಲ್ಭಾಗವನ್ನು ನಾನು ನೋಡಿಕೊಂಡಷ್ಟು ಚೆನ್ನಾಗಿ ಹುಬ್ಬಳ್ಳಿಯಲ್ಲಿ ಇನ್ನಾರೂ ನೋಡಿಕೊಳ್ಳುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವುದರಲ್ಲಿ ನನ್ನ ಬಗ್ಗೆ ಒಳ್ಳೆಯ ಮಾತು ಮತ್ತೊಂದಿಲ್ಲ. ಅರಳೆ ವ್ಯಾಪಾರದ ಸಾಹುಕಾರರೊಬ್ಬರ ಮನೆಯಲ್ಲಿ ನಾನು ಡ್ರೈವರ್ ಆಗಿದ್ದೆ. ವಯಸ್ಸು ಮೂವತ್ತು ದಾಟಿತ್ತು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವನೆಂಬ ಜಂಬ ಒಂದು, ಸಾಹುಕಾರರು ಹೊಲಿಸಿಕೊಟ್ಟ ಖಾಕಿ ಕೋಟು ಒಂದು. ದಿನಾ ಬೆಳಿಗ್ಗೆ ಆ ಕಪ್ಪು ಮೋಟಾರನ್ನು ತಿಕ್ಕಿ ಒರೆಸಿ, ಅದರ ಬಾಗಿಲಲ್ಲೇ ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳುತ್ತಿದ್ದೆ.

ಕೆಳಭಾಗದ ಮಾತು ಬೇರೆ. ನಮ್ಮ ಎರೆಮಣ್ಣು ಎಂಥದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಮಳೆಗಾಲದಲ್ಲಿ ಹಳ್ಳಿ ಹಾದಿಗೆ ಒಂದು ಸಲ ಹೋಗಿ ಬಂದರೆ ಸಾಕು, ಮೋಟಾರಿನ ಹೊಟ್ಟೆಗೆಲ್ಲ ಮಣ್ಣು ಮೆತ್ತಿಕೊಂಡು ವಾರಗಟ್ಟಲೆ ತೇವ ಹಿಡಿದಿರುತ್ತಿತ್ತು. ಹಾಗೆ ಬಂದಾಗಲೆಲ್ಲ ಕೆಳಗೆ ತೂರಿ, ಮಣ್ಣು ಕೆರೆದು, ಚಿಮಣಿ ಎಣ್ಣೆಯಲ್ಲಿ ಒರೆಸಿ, ಎಂಜಿನ್ನಿನ ಹಳೆಯ ಎಣ್ಣೆ ಬಳಿಯಬೇಕೆಂದು ಗಾಡಿ ತಂದುಕೊಟ್ಟವರು ನನಗೇ ಹೇಳಿ ಹೋಗಿದ್ದರು. ಮೊದಲ ವರ್ಷ ತಪ್ಪದೆ ಮಾಡಿದೆ. ಆಮೇಲೆ ಕೋಟು ಕೊಳೆಯಾಗುತ್ತದೆಂದು ಒಂದು ಸಲ ಬಿಟ್ಟೆ, ಬೆನ್ನು ನೋವೆಂದು ಇನ್ನೊಂದು ಸಲ ಬಿಟ್ಟೆ. ಕೆಳಗೆ ಬಗ್ಗಿ ನೋಡುವವರು ಯಾರಿದ್ದಾರೆ ಎಂದು ಕಡೆಗೆ ಪೂರಾ ಬಿಟ್ಟೆ. ಮೈಗಳ್ಳತನಕ್ಕೆ ಬೇರೆ ಹೆಸರು ಕೊಡಲಾರೆ.

ಆ ಮೋಟಾರಿನಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡುತ್ತಿದ್ದವರು ಸಾಹುಕಾರರ ತಾಯಿ. ಅರವತ್ತು ದಾಟಿದ್ದ, ಮೈ ತುಂಬಿಕೊಂಡಿದ್ದ ಹೆಂಗಸು. ನಾವೆಲ್ಲ ಅವ್ವಾರು ಎನ್ನುತ್ತಿದ್ದೆವು. ಆ ಕಾಲದ ಮೋಟಾರುಗಳಿಗೆ ಬಾಗಿಲ ಕೆಳಗೆ ಉದ್ದಕ್ಕೂ ಒಂದು ಹಲಗೆ ಇರುತ್ತಿತ್ತು. ಅದರ ಮೇಲೆ ಕಾಲಿಟ್ಟೇ ಒಳಗೆ ಹತ್ತಬೇಕು. ಲಕ್ಷ್ಮಿಯ ಮೇಲೆ ಕಾಲಿಡುವುದು ಹೇಗೆಂದು ಅವ್ವಾರು ಪ್ರತಿಸಲವೂ ಬಗ್ಗಿ, ಆ ಹಲಗೆಯನ್ನು ಮುಟ್ಟಿ, ಕೈ ಕಣ್ಣಿಗೊತ್ತಿಕೊಂಡು, ಆಮೇಲೆ ಹತ್ತುತ್ತಿದ್ದರು. ಅವರ ಕೈ ತಾಗುವ ಜಾಗವನ್ನು ನಾನು ಎರಡು ಸಲ ಒರೆಸುತ್ತಿದ್ದೆ. ಅದರ ಕೆಳಗೆ ಹಲಗೆಯನ್ನು ಹೊತ್ತು ನಿಂತ ಕಬ್ಬಿಣದ ತೋಳುಗಳನ್ನು ಮಾತ್ರ ಎರಡು ಮಳೆಗಾಲ ಮುಟ್ಟಿರಲಿಲ್ಲ.

ಅವ್ವಾರ ತವರು ಧಾರವಾಡದ ಆಚೆಯ ಹೆಬ್ಬಳ್ಳಿ. ಆ ವರ್ಷ ಪಂಚಮಿಗೆ ಅವರನ್ನು ಅಲ್ಲಿಗೆ ಕರೆದೊಯ್ದು ಬರುವಷ್ಟರಲ್ಲಿ ಗಾಡಿ ಗೊಡಗೊಡ ಸದ್ದು ಮಾಡತೊಡಗಿತು. ಮಿಸ್ತ್ರಿಯ ಬಳಿ ಒಯ್ದೆ. ಆತ ನನಗಿಂತ ಬಹಳ ಹಿರಿಯ, ಚಾಚಾ ಎನ್ನುತ್ತಿದ್ದೆ. ಕೆಳಗೆ ಹೊಕ್ಕು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅಂಗೈ ಕೆಂಪಾಗಿತ್ತು.

“ಜಂಗ್ ಶುರು ಆಗೇತಿ. ಈಗ ಕೆರದು ಬಣ್ಣ ಹೊಡದ್ರ ಉಳೀತೈತಿ. ಹಲಗಿ ಕೆಳಗಿನ ಕಬ್ಬಣಾ ಅಂತೂ ಬದಲಿ ಮಾಡಬೇಕು. ಎರಡ ದಿನಾ ಗಾಡಿ ಇಲ್ಲೇ ಬಿಡಬೇಕಾಗ್ತೈತಿ, ಸಾವಕಾರ್ರಿಗೆ ಹೇಳು” ಎಂದ. ಕೈ ಒರೆಸಿಕೊಳ್ಳುತ್ತ, “ಎಣ್ಣಿ ಹಚ್ಚತಿದ್ದೀ ಇಲ್ಲೋ?” ಎಂದು ಕೇಳಿದ. ನಾನು ಗಾಡಿಯ ಕಡೆ ನೋಡಿದೆ.

ನಮ್ಮಲ್ಲಿ ತುಕ್ಕಿಗೆ ಜಂಗು ಎನ್ನುತ್ತಾರೆ. ಯುದ್ಧವೂ ಜಂಗೇ. ಉರ್ದು ಬಲ್ಲವರ ನಾಲಿಗೆಯಲ್ಲಿ ಎರಡಕ್ಕೂ ಮೊದಲಕ್ಷರ ಬೇರೆಯಂತೆ. ನಮ್ಮ ನಾಲಿಗೆಗೆ ಆ ಭೇದವಿಲ್ಲ. ವಿಲಾಯತಿಯಲ್ಲಿ ಮತ್ತೊಂದು ಮಹಾಯುದ್ಧವಾಗುತ್ತದಂತೆ ಎಂದು ಅರಳೆ ಪೇಟೆಯಲ್ಲಿ ಆಗ ಬೆಳಗಿನಿಂದ ಸಂಜೆಯವರೆಗೂ ಅದೇ ಮಾತು. ಮನೆಗೆ ಬರುವ ಹಾದಿಯುದ್ದಕ್ಕೂ ನಾನು ಸಾಹುಕಾರರಿಗೆ ಹೇಳುವುದನ್ನು ಬಾಯಿಪಾಠ ಮಾಡಿಕೊಂಡೆ. ಮೊದಲು ಜಂಗು ಎನ್ನಬೇಕು. ಯಾಕೆ ಹತ್ತಿತು ಎಂದು ಕೇಳುತ್ತಾರೆ. ಎಣ್ಣೆ ಹಚ್ಚಿರಲಿಲ್ಲ, ತಪ್ಪಾಯಿತು ಎನ್ನಬೇಕು.

ಸಾಹುಕಾರರು ಪೇಪರು ಓದುತ್ತ ಕೂತಿದ್ದರು. ನಾನು ಬಾಗಿಲಲ್ಲಿ ನಿಂತು, “ಮಿಸ್ತ್ರಿ ಹೇಳತಿದ್ದರಿ, ಜಂಗ್ ಶುರು ಆಗೇತಂತ್ರಿ” ಎಂದೆ.

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. “ಮಿಸ್ತ್ರಿಗೂ ಗೊತ್ತಾತಂದ್ರ ಮುಗೀತು. ಇವತ್ತಿಲ್ಲಾ ನಾಳಿ ಆಗೂದ ಅದು. ನೀ ಯಾಕ ಮಾರಿ ಸಣ್ಣ ಮಾಡೀ? ನಮ್ಮೂರತನಾ ಬರೂದಿಲ್ಲ. ಹೋಗು, ಚಾ ಕುಡಿ.”

ಒಂದೇ ಒಂದು ಮಾತು ಸಾಕಿತ್ತು. ಆ ಜಂಗ್ ಅಲ್ಲರಿ ಎಂದಿದ್ದರೆ ಆಗುತ್ತಿತ್ತು. ನಾನು ಹೋಗಿ ಚಹಾ ಕುಡಿದೆ. ಬೈಗುಳ ತಪ್ಪಿತೆಂದು ಖುಷಿಯೂ ಆಯಿತು. ನಾಳೆ ಹೇಳಿದರಾಯಿತು ಎಂದುಕೊಂಡೆ.

ಆ ನಾಳೆ ಬರುವ ಮೊದಲೇ ಯುದ್ಧ ಖರೇನೇ ಶುರುವಾಯಿತು. ಸಾಹುಕಾರರು ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ನನ್ನ ಬೆನ್ನು ತಟ್ಟಿ, “ಪೇಪರಿನವರಕಿಂತಾ ಮೊದಲ ಸುದ್ದಿ ತಂದಾಂವ ನಮ್ಮ ಡ್ರೈವರ” ಎಂದು ನಕ್ಕರು. ಬಂದವರಿಗೆಲ್ಲ ಅದನ್ನೇ ಹೇಳಿದರು. ಇನ್ನು ಆ ಸುದ್ದಿ ಮೋಟಾರಿನ ಹೊಟ್ಟೆಯದೆಂದು ಹೇಳುವುದು ಹೇಗೆ? ನಾನೂ ಎಲ್ಲರ ಜೊತೆ ಹಲ್ಲು ಕಿರಿದೆ. ಗೊಡಗೊಡ ಎಂದಾಗಲೆಲ್ಲ ಅದು ಹಾದಿಯ ಕಲ್ಲು ಸಿಡಿಯುವ ಸದ್ದು ಎಂದು ಅವ್ವಾರಿಗೆ ಹೇಳುತ್ತ ಅದೇ ಗಾಡಿ ಓಡಿಸಿದೆ.

ದಸರೆಗೆ ಇನ್ನೂ ಒಂದು ತಿಂಗಳಿದ್ದಾಗ ಹೆಬ್ಬಳ್ಳಿಯಲ್ಲಿ ಅವ್ವಾರ ಅಣ್ಣನ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಊಟ ಮುಗಿಸಿ ಹೊರಡುವಾಗ ಅವ್ವಾರನ್ನು ಕಳಿಸಲು ಓಣಿಯ ಹೆಂಗಸರೆಲ್ಲ ಬಂದರು. ನಾನು ಬಾಗಿಲು ತೆರೆದು ಹಿಡಿದೆ. ಅವರು ಎಂದಿನಂತೆ ಬಗ್ಗಿ, ಹಲಗೆ ಮುಟ್ಟಿ, ಕೈ ಕಣ್ಣಿಗೊತ್ತಿಕೊಂಡು ಹತ್ತಿದರು. ಎರಡನೆಯ ಕಾಲು ಮೇಲೆ ಬಂದದ್ದೇ ತಡ, ಹಲಗೆ ಲಟಕ್ಕನೆ ಮುರಿದು ಕೆಳಗೆ ಕೂತಿತು. ಅವ್ವಾರು ಕೆಸರಿನಲ್ಲಿ ಕೂತರು.

ಪೆಟ್ಟು ದೊಡ್ಡದಲ್ಲ, ಮುಂಗೈ ತುಸು ಉಳುಕಿತ್ತು. ಆದರೆ ಅವರ ಅಣ್ಣನ ಸೊಸೆ, ಮಾತಿನ ಚಾಳಿಯವಳು, “ಅತ್ತಿ, ನಿನ್ನ ಭಾರಾ ಮೋಟಾರಕ್ಕೂ ತಡೀವಲ್ದಲ್ಲ” ಎಂದುಬಿಟ್ಟಳು. ಓಣಿಯೆಲ್ಲ ನಕ್ಕಿತು. ಕೆಸರಾದ ಸೀರೆ ಕೊಡವಿಕೊಳ್ಳುತ್ತ ಅವ್ವಾರೂ ನಕ್ಕರು. ಹುಟ್ಟಿದ ಓಣಿಯಲ್ಲಿ ಅವರು ಹಾಗೆ ನಿಂತು ನಕ್ಕದ್ದು ನನಗೆ ಇಂದಿಗೂ ಮರೆಯಲಾಗುವುದಿಲ್ಲ.

ನಾನು ಕೆಳಗೆ ಬಗ್ಗಿ ನೋಡಿದೆ. ಕಬ್ಬಿಣ ಹಪ್ಪಳದ ಹಾಗೆ ಪದರು ಪದರಾಗಿತ್ತು. ಮುಟ್ಟಿದರೆ ಕೆಂಪು ಪುಡಿ ಉದುರಿತು. ಯಾರೂ ನೋಡದಂತೆ ಕೈಯನ್ನು ಕೋಟಿನ ಒಳಬದಿಗೆ ಒರೆಸಿಕೊಂಡೆ. ಮಣೆ ಇಟ್ಟು ಅವ್ವಾರನ್ನು ಹತ್ತಿಸಿ, ಮುರಿದ ಹಲಗೆಯನ್ನು ಹಗ್ಗದಿಂದ ಕಟ್ಟಿ ಹೊರಟೆವು. ಧಾರವಾಡ ದಾಟಿತು, ಬೈರಿದೇವರಕೊಪ್ಪ ಬಂತು. ಆಮೇಲೆ ಹಿಂದಿನಿಂದ ಮೆಲ್ಲಗೆ, “ತಮ್ಮಾ, ನೀ ಅಂಜಬ್ಯಾಡ. ನನ್ನ ಮಗಗ ನಾ ಹೇಳ್ತೇನಿ. ಇದರಾಗ ನಿಂದೇನ ತಪ್ಪೈತಿ” ಎಂದರು.

ಹೇಳಿದಂತೆಯೇ ಮಾಡಿದರು. ಹಲಗೆ ಹೇಗೆ ಮುರಿಯಿತೆಂದು ಸಾಹುಕಾರರು ನನ್ನನ್ನು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಅವ್ವಾರು, “ಅವನ್ನ ಯಾಕ ಕೇಳ್ತೀ? ನಾನ ಭಾಳ ಭಾರ ಆಗೇನಿ” ಎಂದರು. ನಾನು ಗಾಡಿಯನ್ನು ಮಿಸ್ತ್ರಿಯ ಬಳಿ ಒಯ್ದೆ. ಹೊಸ ಕಬ್ಬಿಣ ಕೂರಿಸುತ್ತ ಚಾಚಾ, “ನಾ ಹೇಳಿದ್ದನ್ನ ಸಾವಕಾರ್ರಿಗೆ ಹೇಳಿದ್ದೀ ಇಲ್ಲೋ?” ಎಂದು ಕೇಳಿದ. “ಹೇಳೇನಿ” ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಅದೇ ನಾಚಿಕೆಗೇಡು.

ನನ್ನ ಮಧ್ಯಾಹ್ನದ ಊಟ ಆ ಮನೆಯ ಹಿತ್ತಿಲ ಪಡಸಾಲೆಯಲ್ಲಿ. ಅವ್ವಾರು ಅಡುಗೆಮನೆಯ ಹೊಸ್ತಿಲ ಬಳಿ ಕೂತು ಅದೇ ಹೊತ್ತಿಗೆ ಉಣ್ಣುತ್ತಿದ್ದರು. ಎರಡು ರೊಟ್ಟಿ ಅವರ ಲೆಕ್ಕ. ಹೆಬ್ಬಳ್ಳಿಯಿಂದ ಬಂದ ಮರುದಿನ ಒಂದೇ ಉಂಡರು. ಎರಡನೆಯದನ್ನು ಎದ್ದು ಬಂದು ನನ್ನ ತಾಟಿಗೆ ಹಾಕಿ, “ನೀ ದುಡಿಯಾಂವ, ಉಣ್ಣು” ಎಂದರು. ಮರುದಿನವೂ ಹಾಗೆಯೇ. ಆಮೇಲೆ ರಾತ್ರಿಯ ಊಟವನ್ನೂ ಬಿಟ್ಟು ಬರೀ ಹಾಲು ಕುಡಿಯುತ್ತಾರೆಂದು ಮನೆಯ ಸೊಸೆ ಗೊಣಗುವುದು ಕೇಳಿಸಿತು. ಮೋಟಾರಿನ ಹತ್ತಿರ ಅವರು ಸುಳಿಯಲೇ ಇಲ್ಲ. ತವರಿನಿಂದ ಕರೆ ಬಂದರೆ ಮಂಡಿನೋವು ಎಂದು ಹೇಳಿ ಕಳಿಸುತ್ತಿದ್ದರು. ದೀಪಾವಳಿ ಹೊತ್ತಿಗೆ ಕುಪ್ಪಸದ ತೋಳು ಜೋಲತೊಡಗಿತ್ತು.

ಒಂದು ದಿನ ತಡೆಯಲಾಗಲಿಲ್ಲ. ರೊಟ್ಟಿ ತಾಟಿಗೆ ಬಿದ್ದ ಕೂಡಲೇ, “ಅವ್ವಾರ, ಜಂಗ್ ಹತ್ತಿತ್ತರಿ” ಎಂದುಬಿಟ್ಟೆ.

“ಹೌದಪಾ, ನನ್ನ ಮಗಾನೂ ಅದನ್ನ ಅಂತಾನ. ಜ್ವಾಳಾ ತುಟ್ಟಿ ಆಗ್ತಾವಂತ. ಅದಕ್ಕ ಅನ್ನಾ ಕೆಡಸಬಾರದು, ಉಣ್ಣು” ಎಂದರು.

ತುಕ್ಕು ಎಂಬ ಪುಸ್ತಕದ ಶಬ್ದ ನನಗೆ ಗೊತ್ತಿತ್ತು. ಮುಲ್ಕಿ ಪಾಸಾದವನು ನಾನು. ಅದೂ ಬೇಡ, ಎಣ್ಣೆ ಹಚ್ಚಿರಲಿಲ್ಲರಿ ಎಂದಿದ್ದರೆ ಸಾಕಿತ್ತು. ತಲೆ ತಗ್ಗಿಸಿ ಉಂಡೆ. ಹಸಿವಿತ್ತು, ರೊಟ್ಟಿ ರುಚಿಯಾಗಿತ್ತು. ಅದನ್ನು ಮುಚ್ಚಿಟ್ಟರೆ ಇದನ್ನೆಲ್ಲ ಬರೆದೂ ಪ್ರಯೋಜನವಿಲ್ಲ. ಅಂದಿನಿಂದ ಪ್ರತಿ ವಾರ ಗಾಡಿಯ ಕೆಳಗೆ ತೂರಿ ಮಣ್ಣು ಕೆರೆದು ಎಣ್ಣೆ ಬಳಿಯುತ್ತಿದ್ದೆ. ಸಾಹುಕಾರರು ನನ್ನ ಕೊಳೆ ಕೋಟನ್ನು ನೋಡಿ ಮೆಚ್ಚಿಕೊಂಡರು.

ಯುಗಾದಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅವ್ವಾರು ತಾವಾಗಿಯೇ ಅಂಗಳಕ್ಕೆ ಬಂದರು. ಹೆಬ್ಬಳ್ಳಿಯ ಅಣ್ಣನಿಗೆ ಮೈಯಲ್ಲಿ ಹುಷಾರಿಲ್ಲ, ಹೋಗಿ ಬರೋಣ ಎಂದರು. ನಾನು ಬಾಗಿಲು ತೆರೆದೆ. ಅವರು ಬಗ್ಗಿ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಂದು ಕಾಲಿಟ್ಟು ತಡೆದರು, ಕಿವಿಗೊಟ್ಟರು. ಆಮೇಲೆ ಎರಡನೆಯದನ್ನು ಇಟ್ಟು, ಹಾಗೇ ನಿಂತು, ಹಲಗೆಯನ್ನು ಮೆಲ್ಲಗೆ ಒಮ್ಮೆ ಅದುಮಿ ನೋಡಿದರು. ಹೊಸ ಕಬ್ಬಿಣ ಮಿಸುಕಲಿಲ್ಲ. ನನ್ನ ಕಡೆ ತಿರುಗಿದಾಗ ಆ ಬತ್ತಿದ ಮುಖದಲ್ಲಿ ಗೆದ್ದ ಸಂತೋಷವಿತ್ತು.

“ನೋಡಿದೇನೋ ತಮ್ಮಾ? ಸಪ್ಪಳಾ ಸೈತ ಮಾಡಲಿಲ್ಲ. ಹಗುರ ಆಗೇನಿ ಹೌದಲ್ಲೋ?”

“ಹೌದ್ರಿ ಅವ್ವಾರ” ಎಂದೆ, ಬಾಗಿಲು ಹಾಕಿದೆ.