ಮೊರಕ್ಕೆ ಕಾಲು ತಾಕಿದಾಗ

ಬೂಕನಕೆರೆಯ ಪುಟ್ಟತಾಯಮ್ಮ ಸುಳ್ಳಾಡುವವರಲ್ಲ, ಒಂದು ವಿಷಯ ಬಿಟ್ಟರೆ. ಡೈರಿಗೆ ಹಾಲು ಹಾಕಲು ಹೋದಾಗ ಯಾರಾದರೂ ಮಗಳ ಕೆಲಸ ಏನೆಂದು ಕೇಳಿದರೆ, "ಇಸ್ಕೂಲಲ್ಲಿ ಡ್ರಿಲ್ ಮೇಡಮ್ಮು" ಎಂದುಬಿಡುತ್ತಿದ್ದರು. ಮನೆಗೆ ಬಂದು ದೇವರ ಮುಂದೆ ಕೆನ್ನೆ ಬಡಿದುಕೊಳ್ಳುತ್ತಿದ್ದರು.

ಹುಡುಗಿಯಾಗಿದ್ದಾಗ ಕಬಡ್ಡಿ ಆಡುತ್ತಿದ್ದ ತನುಶ್ರೀ ಈಗ ಮಾಡುತ್ತಿದ್ದುದು ಸಿನಿಮಾದಲ್ಲಿ ನಟಿಯರ ಬದಲು ಹೊಡೆದಾಡುವ, ಎತ್ತರದಿಂದ ಬೀಳುವ ಕೆಲಸ. ಮುಖ ಅವರದು, ಮೈ ಇವಳದು. ಬಿಡು ಬಿಡು ಎಂದು ತಾಯಿ ಹೇಳಿ ಹೇಳಿ, ಕೊನೆಗೆ ಮಗಳೇ ಸೋತಳು.

"ಒಂದೇ ಒಂದ್ಸಲ ಬಂದ್ ನೋಡವ್ವ. ನೋಡಿದ್ಮ್ಯಾಕೂ ಬುಡು ಅಂದ್ರೆ ಬುಟ್ಬುಡ್ತೀನಿ. ನಿನ್ನಾಣೆ."

"ಆಣೆ ಗೀಣೆ ಬ್ಯಾಡ. ನಡಿ."

ಕೆ.ಆರ್. ಪೇಟೆಯ ಟಾಕೀಸಿನಲ್ಲಿ ಮಧ್ಯಾಹ್ನದಾಟ. ಅದೊಂದು ಬೇರೆ ಥರದ ಹೊಡೆದಾಟದ ಚಿತ್ರ. ಹೀರೋ ಇಲ್ಲ, ಕುಣಿತವಿಲ್ಲ. ನರೆತ ಕೂದಲಿನ ಒಬ್ಬ ವಿಧವೆ ಮನೆಗೆ ನುಗ್ಗಿದ ರೌಡಿಗಳನ್ನು ಒನಕೆ, ಸೌಟು, ಬಾವಿ ಹಗ್ಗದಲ್ಲೇ ಎದುರಿಸುತ್ತಾಳೆ. ಹೊಡೆದ ಮೇಲೆ ಗೋಡೆಗೊರಗಿ ಸುಧಾರಿಸಿಕೊಳ್ಳುತ್ತಾಳೆ. ಶಿಳ್ಳೆ ಹಾಕಲು ಬಂದವರು ಎಲ್ಲಿ ಹಾಕಬೇಕೆಂದು ತಿಳಿಯದೆ ಸುಮ್ಮನೆ ಕೂತಿದ್ದರು.

ತನುಶ್ರೀ ಮೈ ಕೊಟ್ಟಿದ್ದ ಆ ಹೆಂಗಸು ಅಟ್ಟದಿಂದ ಬಿದ್ದಾಗ ಪುಟ್ಟತಾಯಮ್ಮ ಪಕ್ಕದಲ್ಲಿದ್ದ ಮಗಳ ಮಂಡಿ ಗಟ್ಟಿಯಾಗಿ ಹಿಡಿದುಕೊಂಡರು. "ಅಯ್ಯೋ ಮಾದಪ್ಪ!"

"ಇಲ್ಲೇ ಇದೀನಲ್ಲವ್ವ."

ಬಿಡು ಎನ್ನುವ ಮಾತು ತಾಯಿಯ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಹೊಡೆದಾಟ ನಡುಮನೆಗೆ ಬಂತು. ಹಿಂದೆ ಸರಿಯುವಾಗ ಹೆಂಗಸಿನ ಕಾಲು ನೆಲದ ಮೇಲಿದ್ದ ಮೊರಕ್ಕೆ ತಾಕಿತು. ತಟ್ಟನೆ ಬಗ್ಗಿ, ಮೊರ ಮುಟ್ಟಿ ಕಣ್ಣಿಗೊತ್ತಿಕೊಂಡಳು. ರೌಡಿ ಬೀಸಿದ ದೊಣ್ಣೆ ಅವಳ ತಲೆಯ ಮೇಲಿಂದ ಹಾಯ್ದು ಕಂಬಕ್ಕೆ ಬಡಿಯಿತು. ಟಾಕೀಸು ಗೊಳ್ಳೆಂದು ನಕ್ಕಿತು. ಮೊದಲ ಶಿಳ್ಳೆ ಬಿತ್ತು.

ಪುಟ್ಟತಾಯಮ್ಮ ನಗಲಿಲ್ಲ. "ಅಂಗ್ ಮಾಡು ಅಂತ ಯಾರ್ ಯೇಳ್ಕೊಟ್ರು?"

"ಯಾರೂ ಇಲ್ಲ ಕಣವ್ವ. ಕಾಲ್ ತಾಕ್ಬುಡ್ತು, ಕೈ ತಾನೇ ಓಯ್ತು. ಎಲ್ಲಾ ಕೆಡಿಸ್ಬುಟ್ಟೆ ಅನ್ಕಂಡೆ. ಡೈರೆಕ್ಟ್ರು, ಇದೇ ಇರ್ಲಿ ಅಂದ್ರು."

ಮೊರ ತುಳಿಯಬಾರದು, ಅದು ಲಕ್ಷ್ಮಿ ಎಂದು ಅಂಬೆಗಾಲಿನ ಕೂಸಿನ ಕೈ ಹಿಡಿದು ಕಣ್ಣಿಗೊತ್ತಿಸಿದ್ದು ತಾವೇ. ಆ ಕೂಸು ಎಲ್ಲೋ ಹೋಯಿತು, ಯಾರದೋ ಮುಖಕ್ಕೆ ಮೈ ಕೊಟ್ಟು ಕಳೆದುಹೋಯಿತು ಎಂದು ಅವರು ಇಷ್ಟು ದಿನ ಕೊರಗಿದ್ದರು. ಮಗಳ ಮಂಡಿಯ ಮೇಲಿನ ಕೈ ತೆಗೆಯದೆ ಆಟ ಮುಗಿಯುವವರೆಗೂ ನೋಡಿದರು.

ಊರಿನ ಬಸ್ಸಿನಲ್ಲಿ ಪಕ್ಕದ ಮನೆಯ ಅಣ್ಣಮ್ಮ ಸಿಕ್ಕರು. ತಾಯಿಯ ತೀರ್ಮಾನ ಇನ್ನೂ ತಿಳಿಯದೆ ತನುಶ್ರೀ ಕಿಟಕಿಯತ್ತ ತಿರುಗಿ ಕೂತಿದ್ದಳು.

"ಏನ್ ಡ್ರಿಲ್ ಮೇಡಮ್ಮೋರು, ರಜವಾ?" ಎಂದರು ಅಣ್ಣಮ್ಮ.

"ಡ್ರಿಲ್ ಅಲ್ಲ ಕಣಕ್ಕ," ಎಂದರು ಪುಟ್ಟತಾಯಮ್ಮ. "ಸಿನಿಮಾದಲ್ಲಿ ಬೀಳಾ ಕೆಲ್ಸ. ಇನ್ಮುಂದ್ಕೂ ಅದೇಯ."

"ಬೀಳಾಕೂ ಸಂಬ್ಳವಾ! ನಾನು ಗದ್ದೆ ಬದೀಲಿ ದಿನಾ ಬೀಳ್ತೀನಿ, ಒಬ್ರೂ ಕೇಳ್ಳಿಲ್ವಲ್ಲೇ!"

ತನುಶ್ರೀ ನಗುತ್ತಲೇ ಕಣ್ಣೊರೆಸಿಕೊಂಡಳು. ತಾಯಿ ಅವಳ ಮೊಣಕೈ ಎಳೆದುಕೊಂಡು ಗಾಯದ ಕಲೆಯ ಮೇಲೆ ಬೆರಳಾಡಿಸಿದರು.

"ಇದು ಆ ಅಟ್ಟದ್ದಾ?"

"ಊಂ."

"ಬೀಳಾ ದಿನ ಮುಂಚೇನೆ ಫೋನ್ ಮಾಡು, ಮಗ. ದೀಪ ಅಚ್ಚಿಕ್ತೀನಿ."