ಮೊಹರು ಒಡೆಯದ ಲಕೋಟೆ

ಕೊಪ್ಪಳದ ನಮ್ಮ ಬೋರ್ಡಿಂಗಿನ ಉದ್ಘಾಟನೆಯ ಸುದ್ದಿ ಎತ್ತಿದರೆ ಈಗಲೂ ನನಗೆ ಪಿತ್ತ ನೆತ್ತಿಗೇರುತ್ತದೆ. ಪರ ಊರಿನಿಂದ ಓದಲು ಬರುವ ಹುಡುಗರಿಗೆಂದು ಪೇಟೆಯ ವ್ಯಾಪಾರಸ್ಥರು ಸೇರಿ ಶಾಲೆಯ ಹಿಂದೆ ಕಟ್ಟಿಸಿದ ಕಟ್ಟಡ ಅದು. ಎಂಟು ಕೋಣೆ, ಒಂದು ಅಡಿಗೆಮನೆ, ಅಂಗಳದಲ್ಲಿ ಬಾವಿ. ಶಾಲೆ ಶುರುವಾಗುವ ಹೊತ್ತಿಗೆ ಸುಣ್ಣ ಬಳಿದು ಮುಗಿದಿತ್ತು, ಬಾಗಿಲಿಗೆ ಅಂಗೈಯಗಲದ ಬೀಗವೂ ಬಿದ್ದಿತ್ತು. ಆ ಬೀಗ ತೆಗೆಯಲು ಜಿಲ್ಲೆಯ ದೊಡ್ಡ ಸಾಹೇಬರೇ ಬರಬೇಕೆಂದು ಕಮಿಟಿಯ ಹಿರಿಯ ಶಾವುಕಾರರು ಹಟ ಹಿಡಿದಿದ್ದರು.

ನಾನು ಇರಕಲ್ಲಗಡದವ, ನನ್ನ ಗೆಳೆಯ ಯಲಬುರ್ಗಾ ಕಡೆಯ ಮಂಗಳೂರಿನವ. ಇಬ್ಬರೂ ಒಂದು ಗುಡಿಯ ಪೌಳಿಯಲ್ಲಿ ಇರುತ್ತಿದ್ದೆವು. ಮಳೆ ಹೊಡೆದರೆ ಕಂಬಳಿ ತೊಯ್ಯುತ್ತಿತ್ತು. ಊರಿನಿಂದ ವಾರಕ್ಕೊಮ್ಮೆ ಬರುವ ಬುತ್ತಿಯೇ ಊಟ. ನಾಲ್ಕನೇ ದಿನಕ್ಕೆ ರೊಟ್ಟಿ ನೀರಲ್ಲಿ ನೆನೆಸದೆ ಹಲ್ಲಿಗೆ ಬಗ್ಗುತ್ತಿರಲಿಲ್ಲ. ನನಗಾದರೆ ಮನೆಯ ಹೊಲ ಇತ್ತು, ಹಬ್ಬಕ್ಕೆ ಹೋಗಿ ಹೊಟ್ಟೆ ತುಂಬ ಉಂಡು ಬರುತ್ತಿದ್ದೆ. ಅವನ ಅಪ್ಪ ಗೌಡರ ಹೊಲದಲ್ಲಿ ದುಡಿಯುವವರು, ಅವನ ಬುತ್ತಿ ಎಷ್ಟೋ ವಾರ ಬರುತ್ತಲೇ ಇರಲಿಲ್ಲ. ಓದಿನಲ್ಲಿ ಮಾತ್ರ ನಾನು ಅವನ ಕಾಲ ಧೂಳಿಗೂ ಸಮನಲ್ಲ. ಆಗ ನಮ್ಮ ಕಡೆ ಹೈದರಾಬಾದಿನ ಆಳ್ವಿಕೆ, ಎಲ್ಲ ಪಾಠವೂ ಉರ್ದುವಿನಲ್ಲಿ. ಮನೆಯಲ್ಲಿ ಆ ಭಾಷೆಯ ಗಾಳಿಯೂ ಸೋಕದ ಆ ಹುಡುಗ ಎಂಥ ಕೆಟ್ಟ ಕೈಬರಹವನ್ನೂ ನೀರು ಕುಡಿದ ಹಾಗೆ ಓದುತ್ತಿದ್ದ.

ಅವನ ಅಪ್ಪ ಒಮ್ಮೆ ಪೌಳಿಗೆ ಬಂದರು. ಮಗನ ಪಕ್ಕೆಲುಬು ಮುಟ್ಟಿ ನೋಡಿದರು. "ದೀಪಾವಳಿ ಮಟ ನೋಡ್ತೀನಿ. ಬೋರ್ಡಿಂಗ್ ತೆರದ್ರ ಓದು. ಇಲ್ಲಂದ್ರ ನನ್ನ ಕೂಡ ಊರಿಗೆ ನಡಿ. ಉಪಾಸ ಬಿದ್ದು ಓದೂದು ಬ್ಯಾಡ," ಎಂದು ಹೇಳಿ ಹೋದರು.

ದೀಪಾವಳಿಗೆ ನಾಲ್ಕು ತಿಂಗಳ ಮೇಲಿತ್ತು. ಒಂದು ಬೀಗ ತೆಗೆಯಲು ಇಷ್ಟು ಸಾಲದೇ? ಸಾಲಲಿಲ್ಲ. ಮೊದಲು ಆಷಾಢ, ಹೊಸ ಮನೆ ಹೊಗುವಂತಿಲ್ಲ. ಅದು ಕಳೆಯಿತೆಂದರೆ ಆ ವರ್ಷ ಅಧಿಕಮಾಸ ಬೇರೆ, ಅದರಲ್ಲೂ ಶುಭಕಾರ್ಯ ಕೂಡದು. ಶ್ರಾವಣದಲ್ಲಿ ಮುಹೂರ್ತ ಸಿಕ್ಕಿತು, ಸಾಹೇಬರು ರಜೆ ಹಾಕಿ ಹೈದರಾಬಾದಿಗೆ ಹೋಗಿದ್ದರು. ಅವರು ತಿರುಗಿ ಬಂದರೆ ನಮ್ಮವರಿಗೆ ಪಿತೃಪಕ್ಷ. ಅದು ಮುಗಿದು ಎರಡು ದಿನಕ್ಕೆ ಅವರಿಗೆ ರಂಜಾನ್. ಉಪವಾಸ ಇರುವವರನ್ನು ಕರೆಸಿ, ಫಲಾಹಾರ ಕೊಡದೆ ಕಳಿಸುವುದು ಹೇಗೆ ಎಂದು ಕಮಿಟಿಯವರು ತಾವೇ ತೀರ್ಮಾನಿಸಿ, ರಂಜಾನ್ ಆದ ಮೇಲೆ ದಯಮಾಡಿಸಬೇಕೆಂದು ಸಾಹೇಬರಿಗೆ ಬರೆಸಿದರು. ಹೀಗೆ ಎರಡು ಪಂಚಾಂಗಗಳ ನಡುವೆ ನಾವು ಸಿಕ್ಕಿಕೊಂಡೆವು. ದಿನಾ ಶಾಲೆಗೆ ಹೋಗುವಾಗ ನಾನು ಆ ಬೀಗವನ್ನು ಒಂದು ಸಲ ಜಗ್ಗಿ ಹೋಗುತ್ತಿದ್ದೆ.

ದೀಪಾವಳಿಗೆ ಇನ್ನೂ ಎರಡು ವಾರ ಇರುವಾಗಲೇ ಸಾಹೇಬರ ಉತ್ತರ ಶಾಲೆಗೆ ಬಂತು. ಶಾವುಕಾರರಿಗೆ ಮುಟ್ಟಿಸಿ ಬರ್ರಿ ಎಂದು ಹೆಡ್ ಮಾಸ್ತರರು ನಮ್ಮಿಬ್ಬರನ್ನು ಕಳಿಸಿದರು. ದಪ್ಪ ಲಕೋಟೆ, ಮೇಲೆ ಅರಗಿನ ಕೆಂಪು ಮೊಹರು. ಗೆಳೆಯ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಪೇಟೆ ದಾಟಿದ.

ಶಾವುಕಾರರು ಗಾದಿಯಿಂದ ಎದ್ದು ನಿಂತು ಲಕೋಟೆಯನ್ನು ಕಣ್ಣಿಗೆ ಒತ್ತಿಕೊಂಡರು.

"ಉರ್ದುದಾಗ ಇರತೈತ್ರಿ ಶಾವುಕಾರ್ರ. ನಾ ಓದಿ ಹೇಳ್ಲೇನ್ರಿ?" ಎಂದ ಗೆಳೆಯ.

"ತಮ್ಮಾ, ಅದು ಸಾಹೇಬ್ರ ಮೊಹರು. ಅಂಗಡ್ಯಾಗ ಕುಂತು ಒಡಿಯೂದಲ್ಲ. ಬೀಗ ತಗಿಯೂ ದಿನ, ಹತ್ತು ಮಂದಿ ಮುಂದ ಒಡದು ಓದಿಸಬೇಕು. ಅದು ಮರ್ಯಾದಿ."

"ಅವ್ರು ಬರೂ ತಾರೀಖು ಅದರಾಗ ಬರದಿದ್ರ ಹೆಂಗ್ರಿ?" ಎಂದು ನಾನು ಬಾಯಿ ಹಾಕಿದೆ.

"ಬರೂ ಮುಂದ ಅವ್ರ ಜವಾನ ಬಂದು ಹೇಳ್ತಾನ. ನಡೀರಿ, ಸಾಲಿಗೆ ಹೊತ್ತಾತು."

ನಮ್ಮ ಕಣ್ಣೆದುರೇ ಲಕೋಟೆಗೆ ಅರಿಷಿಣ-ಕುಂಕುಮ ಹಚ್ಚಿ, ಹೊಸ ವಸ್ತ್ರದಲ್ಲಿ ಸುತ್ತಿ ದೇವರ ಜಗುಲಿಯ ಮೇಲಿಟ್ಟರು.

ದೀಪಾವಳಿ ಆಯಿತು. ಮರುದಿನವೇ ಗೆಳೆಯನ ಅಪ್ಪ ಬಂದು ನಿಂತರು. ನಾನು ಅವರ ಕಾಲು ಹಿಡಿದೆ. "ಕಾಕಾ, ಇನ್ನೊಂದು ತಿಂಗಳ ತಡೀರಿ," ಎಂದೆ.

"ನನ್ನ ಮಾತು ನಾ ನಡಿಸೀನಿ ತಮ್ಮಾ. ಅವ್ರು ನಡಸಲಿಲ್ಲ," ಎಂದರು.

ಗೆಳೆಯ ಅಳಲಿಲ್ಲ. ಪುಸ್ತಕಗಳನ್ನು ನನ್ನ ಹತ್ತಿರ ಬಿಟ್ಟು, ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ.

ಆ ಸಾಹೇಬರು ಬರಲೇ ಇಲ್ಲ, ಅವರಿಗೆ ವರ್ಗವಾಯಿತು. ಸಂಕ್ರಾಂತಿ ಕಳೆದ ಮೇಲೆ ಹೊಸ ಸಾಹೇಬರು ಬಂದು ಬೀಗ ತೆಗೆದರು. ಹಾರ, ಭಾಷಣ, ಪೇಡೆ ಎಲ್ಲ ಆಯಿತು. ಆಮೇಲೆ ಶಾವುಕಾರರು ಜಗುಲಿಯ ಲಕೋಟೆಯನ್ನು ಬೆಳ್ಳಿ ತಟ್ಟೆಯಲ್ಲಿ ತರಿಸಿ, ಓದಲು ನನ್ನನ್ನು ಕರೆದರು. ನನಗಿಂತ ಚೆನ್ನಾಗಿ ಓದುವವನು ಶಾಲೆ ಬಿಟ್ಟು ಹೋಗಿದ್ದನಲ್ಲ.

ಮೊಹರು ಒಡೆದೆ. ನಾಲ್ಕೇ ಸಾಲು ಇತ್ತು. ನನಗಾಗಿ ಕಾಯಬೇಡಿ, ಈ ಕಾಗದ ಮುಟ್ಟಿದ ದಿನವೇ ಬೀಗ ತೆಗೆದು ಮಕ್ಕಳನ್ನು ಒಳಗೆ ಬಿಡಿ, ಸಮಾರಂಭ ಯಾವಾಗಲಾದರೂ ಆದೀತು, ಮಕ್ಕಳ ವರ್ಷ ಹೋದರೆ ತಿರುಗಿ ಬಾರದು.

ನಾಲ್ಕೂ ಸಾಲನ್ನು ಉರ್ದುವಿನಲ್ಲಿ ಇದ್ದ ಹಾಗೇ ಓದಿದೆ. ಹೊಸ ಸಾಹೇಬರು ತಲೆ ತಗ್ಗಿಸಿದರು, ಹೆಡ್ ಮಾಸ್ತರರು ಕನ್ನಡಕ ಒರೆಸತೊಡಗಿದರು. ಉರ್ದು ತಿಳಿಯದ ಪೇಟೆಯ ಮಂದಿ ನಾನು ಮುಗಿಸಿದ ಕೂಡಲೇ ಜೋರಾಗಿ ಚಪ್ಪಾಳೆ ತಟ್ಟಿದರು.

"ಭಾಳ ಛಲೋ ಓದಿದಿ. ಏನ್ ಬರದಾರ ತಮ್ಮಾ?" ಎಂದು ಶಾವುಕಾರರು ನಗುತ್ತ ಕೇಳಿದರು. ಹೇಳಿದೆ. ಅವರ ಮುಖ ಎಷ್ಟು ಸಣ್ಣದಾಯಿತೆಂದರೆ ಬಯ್ಯಲು ನನಗೆ ಬಾಯಿ ಬರಲಿಲ್ಲ. ಅಂದು ಬಯ್ಯದೆ ಉಳಿದ ಸಿಟ್ಟು ಇನ್ನೂ ಹಾಗೇ ಇದೆ.

ಆಗ ಶಾಲೆಗೆ ವಾರದ ರಜೆ ಶುಕ್ರವಾರ. ಬಂಡಿ ಹಿಡಿದು ಮಂಗಳೂರಿಗೆ ಹೋದೆ. ಗೆಳೆಯನನ್ನು ವರ್ಷದ ಆಳಾಗಿ ಗೌಡರ ಮನೆಗೆ ಸೇರಿಸಿಯಾಗಿತ್ತು. ಕಣದಲ್ಲಿ ಜೋಳ ತೂರುತ್ತಿದ್ದವನು ನನ್ನನ್ನು ಕಂಡು ಮೊರ ಕೆಳಗಿಟ್ಟ. ಪಕ್ಕದಲ್ಲೇ ಅವನ ಅಪ್ಪ ಕೂತು ಕಸ ಆರಿಸುತ್ತಿದ್ದರು.

"ತೆರದ್ರಂತಲ್ಲಲೇ. ಆ ಲಕೋಟ್ಯಾಗ ಏನಿತ್ತು?" ಎಂದ ಗೆಳೆಯ.

ಅಪ್ಪನ ಕೈ ನಿಂತಿತು. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಬರಾಕ ಆಗಂಗಿಲ್ಲ ಅಂತ ಬರದಿದ್ರು. ಅಷ್ಟ," ಎಂದೆ.

ಗೆಳೆಯ ಮೊರ ಎತ್ತಿಕೊಂಡ.

"ಹಂಗಾದ್ರ ಅವತ್ತ ನಾ ಓದಿದ್ರೂ ಏನೂ ಆಗ್ತಿರಲಿಲ್ಲ ಬಿಡು," ಎಂದ.