ಕತ್ತರಿ ತಾಗದ ಸೀರೆ

ಮೊನ್ನೆ ಹಳೇ ಸೂಟ್‌ಕೇಸು ತೆಗೆದರೆ ಡಾಂಬರು ಗುಳಿಗೆಯ ವಾಸನೆ ಗಪ್ಪಂತ ಮೂಗಿಗೆ ಬಡಿಯಿತು. ಮೇಲೆಯೇ ಅವ್ವನ ಇಳಕಲ್ ಸೀರೆ. ಅದನ್ನು ಮುಟ್ಟಿದರೆ ಸಾಕು, ಎದುರುಮನೆ ಟೀಚರಮ್ಮ ನೆನಪಾಗಿ ನಗು ಬರುತ್ತದೆ...

ಡಾಟ್‌ಕಾಮ್ ಭರಾಟೆಯ ಕಾಲ. ಅವರು ಪೆರು ದೇಶದಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾಗಿ, ಅಮೆರಿಕದ ಸ್ಯಾನ್ ಹೊಸೆಯಲ್ಲಿದ್ದ ಮಗಳ ಮನೆಗೆ ಬಂದಿದ್ದರು. ನಾನು ಅಲ್ಲೇ ಎಂ.ಎಸ್. ಓದುತ್ತಿದ್ದೆ. ನಮ್ಮದು ನೇಕಾರರ ಮನೆ. ಅಪ್ಪ ನೇಯುತ್ತಿದ್ದ, ಸೆರಗಿನ ಎಳೆಗೂ ಒಡಲಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು ಅವ್ವನ ಕೆಲಸ. ನಮ್ಮ ವಂಶದಲ್ಲೇ ಡಿಗ್ರಿ ಕಂಡವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಕಾನ್ವೊಕೇಷನ್ನಿಗೆ ಈ ಸೀರೆಯನ್ನೇ ಉಡಬೇಕೆಂದು ಹಟ. ಆದರೆ ಅಮೆರಿಕದ ಚೀಸು ತನ್ನ ಕೆಲಸ ಮಾಡಿತ್ತು, ಊರಿಂದ ತಂದ ಕುಪ್ಪಸದ ಹುಕ್ಕು ಕೂಡಲೇ ಇಲ್ಲ. ಸೀರೆಯಿಂದಲೇ ಒಂದು ತುಂಡು ತೆಗೆದು ಬ್ಲೌಸು ಹೊಲಿಯೋಣವೆಂದು ಕತ್ತರಿ ಹಿಡಿದೆ. ತೆರೆದ ಬಾಗಿಲಿಂದ ಟೀಚರಮ್ಮ ನೋಡಿ ಒಳನುಗ್ಗಿದರು.

"ನೋ, ಮಿಹಾ!"

ಮಿಹಾ ಅಂದರೆ ಅವರ ಮಾತಿನಲ್ಲಿ ಮಗಳೇ ಅಂತ. ಕತ್ತರಿ ಕಿತ್ತುಕೊಂಡು ಸೋಫಾದ ದಿಂಬಿನಡಿ ತುರುಕಿ ಅದರ ಮೇಲೆಯೇ ಕೂತುಬಿಟ್ಟರು. ಪಾಠ ಶುರುವಾಯಿತು. ಆಂಡೀಸ್ ಬೆಟ್ಟಗಳ ಪೂರ್ವಿಕರಿಗೆ ಚಿನ್ನಕ್ಕಿಂತ ಬಟ್ಟೆ ಹೆಚ್ಚಂತೆ. ರಾಜ ಯೋಧರಿಗೆ ಬಟ್ಟೆ ಕೊಟ್ಟು ಸನ್ಮಾನಿಸುತ್ತಿದ್ದನಂತೆ, ದೇವರಿಗೆ ಅತಿ ನವಿರಾದ ಬಟ್ಟೆಯನ್ನೇ ಸುಟ್ಟು ಅರ್ಪಿಸುತ್ತಿದ್ದರಂತೆ, ಸತ್ತ ಹಿರಿಯರನ್ನು ಪದರ ಪದರವಾಗಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರಂತೆ. ನಾಲ್ಕೂ ಅಂಚು ಮಗ್ಗದಲ್ಲೇ ಮುಗಿಯಬೇಕು, ಇಳಿದ ಮೇಲೆ ಯಾರೂ ಕತ್ತರಿಸುವ ಹಾಗಿಲ್ಲ.

"ನಮ್ಮಲ್ಲಿ ಟೈಲರು ದಿನಾ ಕತ್ತರಿಸ್ತಾನೆ ಟೀಚರಮ್ಮ" ಅಂದೆ.

ಅವರ ಬೆರಳು ಕೊಂಡಿಯ ಸಾಲಿನ ಮೇಲೆ ನಿಂತಿತ್ತು. "ಇದನ್ನ ಕೂಡಿಸಿದ್ದು ಯಾರು?"

"ಅವ್ವ."

"ತಾಯಿ ಕೂಡಿಸಿದ್ದನ್ನ ಮಗಳು ಕತ್ತರಿಸೋದಾ?"

ಫೋನಿನಲ್ಲಿ ಅವ್ವನಿಗೆ ಹೇಳಿದರೆ ಅವಳದು ಇನ್ನೊಂದು ಬೈಗುಳ. "ಹುಚ್ಚಿ! ಇಳಕಲ್ ಸೀರಿಗೆ ಕುಪ್ಪಸದ ಖಣ ಬ್ಯಾರೇನ ತಗೋತಾರ. ಅಷ್ಟು ಓದಿ ಇಷ್ಟೂ ಗೊತ್ತಿಲ್ಲೇನ?"

ಕೊನೆಗೆ ಟೀಚರಮ್ಮನ ಕಪ್ಪು ಉದ್ದತೋಳಿನ ಟೀ ಶರ್ಟಿನ ಮೇಲೆ ಸೀರೆ ಉಟ್ಟೆ. ಸಮಾರಂಭ ಮುಗಿದದ್ದೇ ತಡ, ಅವರು ನನ್ನ ಗೌನಿನೊಳಗಿಂದ ಸೆರಗು ಹೊರಗೆಳೆದು ಗುರುತಿಲ್ಲದವರಿಗೆಲ್ಲ ತೋರಿಸಿದರು: "ಇವಳ ತಾಯಿ ಮಾಡಿದ್ದು!"

ಕಂಪನಿಗಳು ಮುಚ್ಚತೊಡಗಿದಾಗ ಮಗಳ ಕೆಲಸ ಹೋಗಿ ತಾಯಿ ಮಗಳು ಪೆರುವಿಗೆ ಮರಳಿದರು. ಕೆಲವು ವರ್ಷಗಳ ಮೇಲೆ ಟೀಚರಮ್ಮ ತೀರಿಕೊಂಡರೆಂದು ಮಗಳ ಫೋನು ಬಂತು. ಯಾವ ಬಟ್ಟೆ ಹೊದಿಸಿದಿರಿ ಅಂತ ಕೇಳಬೇಕಿತ್ತು, ಕೇಳಲಿಲ್ಲ.

"ಅಮ್ಮಾ, ಕ್ಯಾನ್ ಐ ಕಟ್ ದಿಸ್? ಕ್ರಾಪ್ ಟಾಪಿಗೆ?" ಮೊನ್ನೆ ಆ ಸೂಟ್‌ಕೇಸು ತೆಗೆದಾಗ ನನ್ನ ಮಗಳು ಕತ್ತರಿ ಹಿಡಿದೇ ಕೇಳಿದಳು.

"ನೋ, ಮಿಹಾ!" ಬಾಯಿಗೆ ಬಂದದ್ದು ಅದೇ. ಕತ್ತರಿ ಕಿತ್ತುಕೊಂಡು ದಿಂಬಿನಡಿ ತುರುಕಿ ಮೇಲೆ ಕೂತೆ. ಎದುರು ಬಾಗಿಲಿನಿಂದ ನೋಡಿ ನಗಲು ಟೀಚರಮ್ಮ ಇರಲಿಲ್ಲ.